ಸಮಾಜ ಪಾಠ ಕಂಡ ಕಾಲಾಂತರ

ತುಮಕೂರು ಜಿಲ್ಲೆಯ ಹಳ್ಳಿಗಾಡಿನ ಪ್ರೌಢಶಾಲೆಯೊಂದಕ್ಕೆ ಸಮಾಜ ಪಾಠದ ಉಪಾಧ್ಯಾಯನಾಗಿ ನಾನು ಹೋದುದು 1968ರಲ್ಲಿ. ಡಾಕ್ಟರ್ ಡಿ. ಎಸ್. ಕೊಠಾರಿಯವರ ಅಧ್ಯಕ್ಷತೆಯ ಶಿಕ್ಷಣ ಆಯೋಗವು ತನ್ನ ವರದಿಯನ್ನೊಪ್ಪಿಸಿ ಆಗ್ಗೆ ಎರಡು ವರ್ಷಗಳಾಗಿದ್ದುವು. ಆ ವರದಿಯನ್ನಾಧರಿಸಿದ ರಾಷ್ಟ್ರೀಯ ಶಿಕ್ಷಣ ನೀತಿಯು ಅದೇ ವರ್ಷ ಪ್ರಕಟವಾಯಿತು. ದೇಶದ ಮಕ್ಕಳೆಲ್ಲರೂ ತಮ್ಮ ನಾಡಿನ ಚರಿತ್ರೆಯನ್ನೂ ನೆಲಜಲಗಳನ್ನೂ ಆಡಳಿತವನ್ನೂ ಯಾವ ಕ್ರಮದಲ್ಲಿ, ಎಷ್ಟರ ಮಟ್ಟಿಗೆ, ಯಾವ ಉದ್ದೇಶದಿಂದ ಕಲಿಯಬೇಕೆಂಬುದನ್ನು 1961ರಲ್ಲಿ ದೆಹಲಿಯಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಶೈಕ್ಷಣಿಕ ಸಂಶೋಧನೆ ಮತ್ತು ತರಬೇತಿ ಪರಿಷತ್ತಿನ ವಿದ್ವಾಂಸರು ಪರ್ಯಾಲೋಚಿಸುತ್ತಿದ್ದರು. ಅಲ್ಲಿಯ ಚರ್ಚೆಯ ಪ್ರತಿಧ್ವನಿಯು ಮೈಸೂರಿನ ಪ್ರಾದೇಶಿಕ ಶಿಕ್ಷಣ ಕಾಲೇಜಿನಲ್ಲಿ ತರಬೇತಿ ಪಡೆದು ಬಂದ ತರುಣ ಸಹೋದ್ಯೋಗಿಗಳ ಮುಖಾಂತರವಾಗಿ ನಮ್ಮಂಥವರ ಕಿವಿಗೂ ಬೀಳುತ್ತಿದ್ದಿತು.

ಚರಿತ್ರೆ, ಭೂಗೋಳ, ಪೌರನೀತಿಗಳನ್ನು ಬೇರೆಬೇರೆಯಾಗಿ ಕಲಿಸದೆ, ಮಗುವು ತಾನು ಬಾಳುತ್ತಿರುವ ಸಮಾಜವನ್ನು ಅರಿತುಕೊಳ್ಳುವಂತೆ ಅವುಗಳನ್ನು ಒಂದೇ ವಿಷಯವಾಗಿ ಹೆಣೆದು ಬೋಧಿಸಬೇಕೆಂದು ಮುದಲಿಯಾರ್ ಆಯೋಗವು 1953ರಷ್ಟು ಹಿಂದೆಯೇ ಹೇಳಿದ್ದಿತು. ನಮ್ಮ ವೇಳಾಪಟ್ಟಿಯಲ್ಲಿ ಆ ಮಾತಿಗೆ ಸಂದ ಗೌರವವೆಂದರೆ 'ಸಮಾಜ' ಎಂಬ ಒಂದು ಹೆಸರು ಮಾತ್ರ. ಆ ಹೆಸರಿನಡಿಯಲ್ಲಿ ಸೋಮವಾರ ಚರಿತ್ರೆ, ಬುಧವಾರ ಭೂಗೋಳ, ಶುಕ್ರವಾರ ಪೌರನೀತಿ ನಡೆಯುತ್ತಿದ್ದುವು. ಒಂದರಲ್ಲಿ ಹೇಳಿದುದನ್ನು ಮತ್ತೊಂದರಲ್ಲಿ ನೆನೆಯುವ ವಾಡಿಕೆಯಿರಲಿಲ್ಲ. ವಿಜಯನಗರದ ಪಾಠದಲ್ಲಿ ತುಂಗಭದ್ರೆಯು ಬಂದರೆ ಅದು ಕೋಟೆಯ ಪಕ್ಕದ ನದಿ. ಭೂಗೋಳದ ಪಾಠದಲ್ಲಿ ಬಂದರೆ ಹೊಸಪೇಟೆಯ ಬಳಿಯ ಅಣೆಕಟ್ಟು. ಎರಡೂ ಒಂದೇ ನೀರೆಂಬುದು ಅನೇಕ ಹುಡುಗರಿಗೆ ಹೊಳೆಯುತ್ತಲೇ ಇರಲಿಲ್ಲ.

ಆ ಶಾಲೆಯಲ್ಲಿ ನನಗೆ ದೊರೆತ ಬೋಧನೋಪಕರಣವೆಂದರೆ ಬಟ್ಟೆಗೆ ಅಂಟಿಸಿದ, ಮೇಲೆ ಕೆಳಗೆ ಮರದ ಕೋಲು ಕಟ್ಟಿದ್ದ ಭಾರತದ ಗೋಡೆ ಭೂಪಟವೊಂದು. 1956ರ ರಾಜ್ಯ ಪುನರ್ವಿಂಗಡಣೆಗೆ ಮೊದಲು ಅಚ್ಚಾದುದಾದ್ದರಿಂದ ಅದರಲ್ಲಿ ಹುಬ್ಬಳ್ಳಿ ಧಾರವಾಡಗಳು ಮುಂಬಯಿ ಪ್ರಾಂತದಲ್ಲಿಯೂ, ಕಲಬುರ್ಗಿ ರಾಯಚೂರುಗಳು ಹೈದರಾಬಾದಿನಲ್ಲಿಯೂ, ಮಂಗಳೂರು ಮದರಾಸಿನಲ್ಲಿಯೂ ಸೇರಿದ್ದುವು. ಹೊಸದನ್ನು ಬೇಡಿ ಬರೆದ ಕಾಗದಗಳಿಗೆ ಉತ್ತರ ಬಾರದಿದ್ದಾಗ, ಹುಡುಗರೂ ನಾನೂ ಕೂಡಿ ಬಣ್ಣದ ಕಾಗದವನ್ನು ಕತ್ತರಿಸಿ, ಗಂಜಿಯಿಂದ ಅಂಟಿಸಿ, ಮೈಸೂರು ರಾಜ್ಯದ ಹೊಸ ಎಲ್ಲೆಯನ್ನು ಮೂಡಿಸಿದೆವು. ಅಲ್ಲಿಗೆ ಕೆಲಸ ಮುಗಿಯಲಿಲ್ಲ. ಮುಂಬಯಿ ಪ್ರಾಂತವು 1960ರಲ್ಲಿ ಮಹಾರಾಷ್ಟ್ರ ಗುಜರಾತುಗಳಾಗಿದ್ದಿತು, 1966ರಲ್ಲಿ ಪಂಜಾಬಿನಿಂದ ಹರಿಯಾಣ ಬೇರ್ಪಟ್ಟಿದ್ದಿತು; 1971ರ ಕೊನೆಯಲ್ಲಿ ಪೂರ್ವ ಪಾಕಿಸ್ತಾನವೆಂಬ ಅಕ್ಷರಗಳ ಮೇಲೆ ಬಾಂಗ್ಲಾದೇಶವೆಂಬ ಚೀಟಿಯನ್ನು ಅಂಟಿಸಿದವನು ಎಂಟನೆಯ ತರಗತಿಯ ಹುಡುಗ; 1973ರ ನವೆಂಬರಿನಲ್ಲಿ ನಮ್ಮ ರಾಜ್ಯವೇ ಕರ್ನಾಟಕವಾಯಿತು; 1975ರಲ್ಲಿ ಸಿಕ್ಕಿಂ ಬಂದು ಸೇರಿತು. ಭೂಪಟವು ಕಾಲದ ಕೈಯಲ್ಲಿ ತಿದ್ದುಪಡಿಗೊಳ್ಳುವ ವಸ್ತುವೆಂಬುದನ್ನು ಆ ಹುಡುಗರು ಅರಿತಷ್ಟು ನಿಚ್ಚಳವಾಗಿ, ಮುಂದೆ ನುಣ್ಣನೆಯ ಹೊಸ ಭೂಪಟಗಳನ್ನು ನೋಡಿದ ತರಗತಿಗಳವರು ಅರಿಯಲಿಲ್ಲವೆಂದೇ ನನ್ನ ಭಾವನೆ.

ಊರ ಕೆರೆಯ ಏರಿಯ ಬದಿಯಲ್ಲಿ ಮೂರು ಅಂತಸ್ತಿನ ಒಂದು ವೀರಗಲ್ಲು ಇದ್ದಿತು. ಸ್ವಲ್ಪ ದೂರದಲ್ಲಿ ಅರ್ಧ ಹೂತುಹೋದ ಶಾಸನವೊಂದು. ಬಿ. ಎಲ್. ರೈಸ್ ಅವರ 'ಎಪಿಗ್ರಾಫಿಯ ಕರ್ನಾಟಿಕ'ದ ಹನ್ನೆರಡನೆಯ ಸಂಪುಟವು ತುಮಕೂರು ಜಿಲ್ಲೆಯದಾಗಿದ್ದು, ಅದನ್ನು ಪರಿಚಿತರೊಬ್ಬರಿಂದ ಎರವಲು ತಂದು, ನಮ್ಮ ತಾಲ್ಲೂಕಿನ ಶಾಸನಗಳ ಭಾಗವನ್ನು ತೆರೆದು, ಮಕ್ಕಳನ್ನು ಕಲ್ಲಿನ ಮುಂದೆ ಕೂರಿಸಿ, ಅಕ್ಷರಕ್ಕೆ ಅಕ್ಷರ ಕೂಡಿಸಿ ಓದಿಸಿದೆ. ಕೆರೆಗೆ ಗದ್ದೆಯನ್ನು ಬಿಟ್ಟುಕೊಟ್ಟವನ ಹೆಸರು, ಆ ದಾನವನ್ನು ಕೆಡಿಸಿದವನಿಗೆ ಬಾಯ್ತುಂಬ ಶಾಪ. ತೂಬಿನ ನೀರನ್ನು ಆಗಲೂ ಸರದಿಯ ಮೇಲೆ ಬಿಡುತ್ತಿದ್ದವನ ಮಗನೊಬ್ಬನು ಆ ಗುಂಪಿನಲ್ಲಿದ್ದನು. "ಸಾರ್, ನಮ್ಮಪ್ಪ ಮಾಡೋ ಕೆಲಸ ಇದರಲ್ಲಿ ಬರೆದಿದೆಯಾ?" ಎಂದು ಅವನು ಕೇಳಿದಾಗ ಚರಿತ್ರೆ, ಭೂಗೋಳ, ಪೌರನೀತಿಗಳು ಒಂದಾಗುವ ಬಗೆ ಹೇಗೆಂಬುದಕ್ಕೆ ಬೇರೆ ವ್ಯಾಖ್ಯಾನ ಬೇಕಾಗಲಿಲ್ಲ. ಮಳೆ ಕಡಮೆಯಾದ ಸೀಮೆಯಲ್ಲಿ ಕೆರೆ ಏಕೆ, ಅದನ್ನು ಕಟ್ಟಿಸಿದವರಾರು, ಹೂಳು ತೆಗೆಯುವ ಹೊಣೆ ಯಾರದು, ಯಾರ ಹೊಲಕ್ಕೆ ನೀರು ಕೊನೆಗೆ ಬರುತ್ತದೆ ಮತ್ತು ಏಕೆ ಎಂಬ ಪ್ರಶ್ನೆಗಳನ್ನು ಕೇಳುತ್ತ ಹೋದರೆ ಊರಿನ ಜಾತಿಯ ಕಟ್ಟುಪಾಡೂ ತಾನಾಗಿಯೇ ಕಣ್ಣೆದುರಿಗೆ ಬಂದು ನಿಲ್ಲುತ್ತಿದ್ದಿತು. ಕೆಲವು ಪೋಷಕರಿಗೆ ಇದು ರುಚಿಸಲಿಲ್ಲ. ಪಾಠದ ಹೊತ್ತಿನಲ್ಲಿ ಮಕ್ಕಳನ್ನು ಬಯಲಿಗೆ ಕರೆದೊಯ್ದುದೇಕೆಂದು ಮೇಲಧಿಕಾರಿಗಳೊಬ್ಬರು ವಿವರಣೆಯನ್ನು ಕೇಳಿದುದೂ ಉಂಟು.

1975ರಲ್ಲಿ ಹತ್ತು ವರ್ಷದ ಶಾಲಾ ಶಿಕ್ಷಣಕ್ಕಾಗಿ ರಾಷ್ಟ್ರಮಟ್ಟದ ಮೊದಲ ಪಠ್ಯಕ್ರಮ ಚೌಕಟ್ಟು ಹೊರಬಂದಿತು. ಮರುವರ್ಷ ಸಂವಿಧಾನದ ನಲವತ್ತೆರಡನೆಯ ತಿದ್ದುಪಡಿಯಿಂದ ಶಿಕ್ಷಣವು ರಾಜ್ಯಗಳ ಪಟ್ಟಿಯಿಂದ ಸಮವರ್ತಿ ಪಟ್ಟಿಗೆ ಸೇರಿತು. ಕೆಳಗಿನ ತರಗತಿಗಳಲ್ಲಿ ಮಗುವಿನ ಸುತ್ತಣ ಪರಿಸರವೇ ಪಾಠವಾಗಬೇಕು, ಅಲ್ಲಿಂದ ಕ್ರಮಕ್ರಮವಾಗಿ ನಾಡಿಗೂ ದೇಶಕ್ಕೂ ಲೋಕಕ್ಕೂ ಅರಿವು ಹಬ್ಬಬೇಕು ಎಂಬ ತತ್ತ್ವವನ್ನು ಆ ಚೌಕಟ್ಟು ಎತ್ತಿಹಿಡಿದಿದ್ದಿತು. ನಾವು ಉತ್ಸಾಹಗೊಂಡೆವು. ಆದರೆ ಎಸ್ಸೆಸ್ಸೆಲ್ಸಿ ಪ್ರಶ್ನಪತ್ರಿಕೆಯು ಆ ಉತ್ಸಾಹಕ್ಕೆ ಎಡೆಗೊಡಲಿಲ್ಲ. ಜ್ಞಾನಕ್ಕೆ ಇಷ್ಟು, ತಿಳಿವಳಿಕೆಗೆ ಇಷ್ಟು, ಅನ್ವಯಕ್ಕೆ ಇಷ್ಟು, ಕೌಶಲಕ್ಕೆ ಇಷ್ಟು ಎಂದು ಅಂಕಗಳನ್ನು ಹಂಚುವ ನೀಲನಕ್ಷೆಯೊಂದು ಬಂದಿತಾದರೂ, ಅನ್ವಯದ ಪ್ರಶ್ನೆಗೂ ಉತ್ತರವು ಪುಸ್ತಕದ ಸಾಲಿನಲ್ಲಿಯೇ ಇರಬೇಕೆಂಬುದು ಮೌಲ್ಯಮಾಪನ ಕೇಂದ್ರಗಳ ಅಲಿಖಿತ ನಿಯಮವಾಗಿದ್ದಿತು. ಕೌಶಲವೆಂದರೆ ಭಾರತದ ಭೂಪಟವನ್ನು ಬಿಡಿಸಿ 23½ ಡಿಗ್ರಿ ಉತ್ತರ ಅಕ್ಷಾಂಶವನ್ನೋ, ಕೋರಮಂಡಲ ತೀರವನ್ನೋ ಗುರುತಿಸುವುದು. ಅದನ್ನು ಕಣ್ಣು ಮುಚ್ಚಿ ಬಿಡಿಸಬಲ್ಲ ವಿದ್ಯಾರ್ಥಿಗಳು ತಮ್ಮ ಊರಿನ ಹಳ್ಳ ಯಾವ ನದಿಯನ್ನು ಸೇರುವುದೆಂದು ಕೇಳಿದರೆ ಸುಮ್ಮನಾಗುತ್ತಿದ್ದರು.

1986ರ ನೀತಿಯೂ 1988ರ ಚೌಕಟ್ಟೂ ದೇಶಕ್ಕೆಲ್ಲ ಸಮಾನವಾದ ಹತ್ತು ಮೂಲಾಂಶಗಳನ್ನು ಗೊತ್ತುಪಡಿಸಿದುವು: ಸ್ವಾತಂತ್ರ್ಯ ಚಳವಳಿಯ ಇತಿಹಾಸ, ಸಂವಿಧಾನಾತ್ಮಕ ಕರ್ತವ್ಯಗಳು, ಸ್ತ್ರೀಪುರುಷ ಸಮಾನತೆ, ಪರಿಸರ ರಕ್ಷಣೆ, ವೈಜ್ಞಾನಿಕ ಮನೋಭಾವ ಮೊದಲಾದುವು. ರಜೆಯ ದಿನಗಳಲ್ಲಿ ಉಪಾಧ್ಯಾಯರಿಗೆಲ್ಲ ಸಾಮೂಹಿಕ ತರಬೇತಿ ಶಿಬಿರಗಳು ನಡೆದುವು. ಅಲ್ಲಿ ಹಂಚಿದ ಪುಸ್ತಕದಲ್ಲಿ ಒಳ್ಳೆಯ ವಿಚಾರಗಳಿದ್ದುವು. ಅವುಗಳನ್ನು ಪಾಠವಾಗಿಸುವ ಬಗೆಯನ್ನು ತೋರಿಸಿಕೊಡಲು ಮಾತ್ರ ಶಿಬಿರಗಳಲ್ಲಿ ಹೊತ್ತು ಸಾಲಲಿಲ್ಲ.

ಅದೇ ಹೊತ್ತಿಗೆ ನಮ್ಮ ರಾಜ್ಯದಲ್ಲಿ ಪೌರನೀತಿಯ ಒಂದು ಮಹಾಪಾಠವು ಶಾಲೆಯ ಹೊರಗೆ ನಡೆಯುತ್ತಿದ್ದಿತು. 1983ರಲ್ಲಿ ರೂಪುಗೊಂಡ ಕಾಯಿದೆಯ ಮೇರೆಗೆ, ಆಗ ಪಂಚಾಯತ್ ರಾಜ್ ಸಚಿವರಾಗಿದ್ದ ಅಬ್ದುಲ್ ನಜೀರ್‌ಸಾಬರ ಶ್ರದ್ಧೆಯ ಫಲವಾಗಿ, 1987ರಲ್ಲಿ ಜಿಲ್ಲಾ ಪರಿಷತ್ತುಗಳೂ ಮಂಡಲ ಪಂಚಾಯಿತಿಗಳೂ ಚುನಾಯಿತವಾದುವು. ಸ್ಥಾನಗಳ ಕಾಲುಭಾಗವು ಸ್ತ್ರೀಯರಿಗೆ ಮೀಸಲಾಗಿದ್ದಿತು. ನಮ್ಮ ಕೈಯಲ್ಲಿದ್ದ ಪುಸ್ತಕವಾದರೋ ಇನ್ನೂ 1959ರ ಕಾಯಿದೆಯ ತಾಲ್ಲೂಕು ಬೋರ್ಡಿನ ರಚನೆಯನ್ನೇ ವರ್ಣಿಸುತ್ತಿದ್ದಿತು. ಆ ಪುಟಗಳನ್ನು ಮುಚ್ಚಿಸಿ ಒಂಬತ್ತನೆಯ ತರಗತಿಯವರನ್ನು ಮಂಡಲದ ಸಭೆಗೆ ಕರೆದೊಯ್ದೆ. ಪ್ರಧಾನರು ಬೆಂಚುಗಳನ್ನು ಹಾಕಿಸಿ, "ಕೂತ್ಕೊಳ್ಳಿ ಮೇಷ್ಟ್ರೇ, ನೋಡ್ಲಿ ಮಕ್ಕಳು" ಎಂದರು. ಕೊಳವೆ ಬಾವಿಯು ಯಾವ ಕೇರಿಗೆ ಮೊದಲು ಎಂಬ ಚರ್ಚೆ ಎದ್ದಿತು. ಅದುವರೆಗೆ ಬಾಯಿ ತೆರೆಯದಿದ್ದ ಕೂಲಿಯ ಹೆಣ್ಣುಮಗಳೊಬ್ಬಳು, ಆ ಸಭೆಯ ಸದಸ್ಯೆ, ಎದ್ದು ನಿಂತು ತನ್ನ ಕೇರಿಯ ಹೆಂಗಸರು ದಿನವೂ ನೀರಿಗೆ ನಡೆಯುವ ದಾರಿಯನ್ನು ಹೆಜ್ಜೆಹೆಜ್ಜೆಯಾಗಿ ವರ್ಣಿಸಿದಳು. ತೀರ್ಮಾನವು ಅವಳ ಕಡೆಗಾಯಿತು. ಸ್ಥಳೀಯ ಸ್ವಯಮಾಡಳಿತದ ವಿಷಯವಾಗಿ ಅದಕ್ಕಿಂತ ಉತ್ತಮವಾದ ಪಾಠವನ್ನು ನಾನು ನನ್ನ ವೃತ್ತಿಯಲ್ಲಿ ಕಂಡಿಲ್ಲ. ಆ ವರ್ಷದ ಪರೀಕ್ಷೆಯಲ್ಲಿ ಪಂಚಾಯಿತಿಯನ್ನು ಕುರಿತು ಕೇಳಿದುದು ಅದರ ಆದಾಯ ಮೂಲಗಳನ್ನು ಪಟ್ಟಿಮಾಡಿರೆಂದು.

ತೊಂಬತ್ತರ ದಶಕವನ್ನು ಸಂಕ್ಷೇಪವಾಗಿಯೇ ಹೇಳಬಹುದು. ಕನಿಷ್ಠ ಕಲಿಕಾ ಮಟ್ಟಗಳೆಂಬ ಹೆಸರಿನಲ್ಲಿ ಪ್ರಾಥಮಿಕ ಶಾಲೆಯ ಪರಿಸರ ಅಧ್ಯಯನವನ್ನು ಸಂಖ್ಯೆ ಹಚ್ಚಿದ ಸಾಮರ್ಥ್ಯಗಳಾಗಿ ಒಡೆದರು. ಉಪಾಧ್ಯಾಯರು ಆ ಸಂಖ್ಯೆಗಳನ್ನು ದಾಖಲೆ ಪುಸ್ತಕದಲ್ಲಿ ತುಂಬಿದರು. ಗೈಡುಗಳ ಅಂಗಡಿಗಳು ತಾಲ್ಲೂಕು ಕೇಂದ್ರಗಳಿಗೂ ಬಂದುವು. ಮಕ್ಕಳ ಬೆನ್ನಿನ ಹೊರೆಗಿಂತ ಅರ್ಥವಾಗದುದರ ಹೊರೆಯೇ ಭಾರವೆಂದು ಪ್ರೊಫೆಸರ್ ಯಶ್‌ಪಾಲರ ಸಮಿತಿಯು 1993ರಲ್ಲಿ ಎಚ್ಚರಿಸಿದುದು ನಮ್ಮ ಕಡೆಯ ಅಧ್ಯಾಪಕರ ಸಭೆಗಳಲ್ಲಿ ಚರ್ಚೆಗೆ ಬಂದುದು ಬಹಳ ಕಾಲಾನಂತರ.

ನಾನು ನಿವೃತ್ತನಾದ ಮೇಲೆ, ಅದೇ ಯಶ್‌ಪಾಲರ ಮುಂದಾಳ್ತನದಲ್ಲಿ ಸಿದ್ಧವಾದ 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟನ್ನು ಓದಿದೆನು. ಶಾಲೆಯ ಜ್ಞಾನವನ್ನು ಹೊರಗಿನ ಬದುಕಿನೊಡನೆ ಬೆಸೆಯಬೇಕೆಂದೂ, ಕಂಠಪಾಠದಿಂದ ದೂರ ಸರಿಯಬೇಕೆಂದೂ, ದಲಿತರ, ಆದಿವಾಸಿಗಳ, ಸ್ತ್ರೀಯರ ದೃಷ್ಟಿಯಿಂದಲೂ ಸಮಾಜವನ್ನು ನೋಡಲು ಕಲಿಸಬೇಕೆಂದೂ ಅದು ಹೇಳುವುದನ್ನು ಕಂಡು ಸಂತೋಷಪಟ್ಟೆನು. ಅದರ ಬೆಳಕಿನಲ್ಲಿ ಕರ್ನಾಟಕದ ಪಠ್ಯಪುಸ್ತಕಗಳೂ ಮಾರ್ಪಟ್ಟುವು. ಹತ್ತನೆಯ ತರಗತಿಯ ಸಮಾಜ ವಿಜ್ಞಾನದ ಪುಸ್ತಕದಲ್ಲಿ ಇತಿಹಾಸ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಭೂಗೋಳ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ ಎಂದು ಆರು ವಿಭಾಗಗಳಾದುವು. ಪುಸ್ತಕ ಒಂದೇ, ಪತ್ರಿಕೆ ಒಂದೇ. ಒಳಗಿನ ಗೋಡೆಗಳು ಮೂರಿದ್ದುದು ಆರಾದುವು. ಆ ಆರನ್ನೂ ಬೋಧಿಸುವವನು ಒಬ್ಬನೇ ಉಪಾಧ್ಯಾಯ, ಅವನು ಪದವಿಯಲ್ಲಿ ಓದಿದುದು ಅವುಗಳಲ್ಲಿ ಎರಡನ್ನೋ ಮೂರನ್ನೋ. ಕಿರಿಯ ಮಿತ್ರರು ಮನೆಗೆ ಬಂದಾಗ ಹೇಳಿಕೊಳ್ಳುವ ಸಂಕಟವಿದು.

2023ರಲ್ಲಿ ಮತ್ತೊಂದು ರಾಷ್ಟ್ರೀಯ ಚೌಕಟ್ಟು ಬಂದಿದೆ. ಅದನ್ನನುಸರಿಸಿ 2024ರಲ್ಲಿ ದೆಹಲಿಯ ಪರಿಷತ್ತು ಆರನೆಯ ತರಗತಿಯ ಚರಿತ್ರೆ, ಭೂಗೋಳ, ರಾಜ್ಯಶಾಸ್ತ್ರಗಳ ಮೂರು ಪುಸ್ತಕಗಳಿಗೆ ಬದಲಾಗಿ ಒಂದೇ ಪುಸ್ತಕವನ್ನು ಹೊರತಂದಿದೆ. ಮುದಲಿಯಾರ್ ಆಯೋಗವು ಬಯಸಿದ ಐಕ್ಯವು ಇದರಿಂದ ಸಿದ್ಧಿಸುವುದೇ ಇಲ್ಲವೇ ಎಂಬುದನ್ನು ಪುಸ್ತಕದ ರಟ್ಟು ತೀರ್ಮಾನಿಸಲಾರದು. ನಮ್ಮ ರಾಜ್ಯದಲ್ಲಿ ಪಠ್ಯಕ್ರಮವನ್ನು ರಚಿಸುವ ಹೊಣೆ ಹೊತ್ತವರಲ್ಲಿ ನನ್ನ ಅರಿಕೆ ಇಷ್ಟೇ: ಹೊಸ ಪುಸ್ತಕವನ್ನು ಅಚ್ಚಿಗೆ ಕಳುಹಿಸುವುದಕ್ಕೆ ಮೊದಲು ಹೊಸ ಪ್ರಶ್ನಪತ್ರಿಕೆಯನ್ನು ಬರೆದು ನೋಡಿರಿ, ಅದರಲ್ಲಿ ಒಂದು ಪ್ರಶ್ನೆಯಾದರೂ ವಿದ್ಯಾರ್ಥಿಯು ತನ್ನ ಊರಿನ ಕೆರೆ, ಕಲ್ಲು, ಪಂಚಾಯಿತಿಗಳನ್ನು ಕಂಡು ಬಂದು ಉತ್ತರಿಸಬೇಕಾದುದಾಗಿರಲಿ, ಅದಕ್ಕಾಗಿ ಉಪಾಧ್ಯಾಯನು ಮಕ್ಕಳನ್ನು ಹೊರಗೆ ಕರೆದೊಯ್ಯುವ ಹೊತ್ತನ್ನು ವೇಳಾಪಟ್ಟಿಯಲ್ಲಿಯೇ ನಮೂದಿಸಿರಿ, ಅವನಿಂದ ವಿವರಣೆಯನ್ನು ಕೇಳಬೇಡಿರಿ.