ಕುರಿಯ ಹಿಂಗಾಲಿನ ಹುರಿ

ಪಾಠ ತಲೆಗೆ ಹತ್ತದ ಹುಡುಗನನ್ನು ‘ಕುರಿ’ ಎಂದು ಕರೆಯುವ ರೂಢಿ ನಮ್ಮಲ್ಲಿ ಬಹಳ ಹಳೆಯದು. ಒಂದು ಹಳ್ಳಕ್ಕೆ ಬಿದ್ದರೆ ಉಳಿದವೂ ಬೀಳುತ್ತವೆಂಬ ಅಪವಾದವನ್ನೂ ಆ ಬಡಪ್ರಾಣಿ ಹೊತ್ತಿದೆ. ಕುರಿಯ ತಲೆಯ ಮಾತು ಹೇಗೇ ಇರಲಿ, ಅದರ ಕಾಲಿನ ಮುಂದೆ ವಿಜ್ಞಾನಿಗಳೇ ವಿದ್ಯಾರ್ಥಿಗಳಾಗಿ ಕುಳಿತದ್ದುಂಟು.

ನಮ್ಮ ಜತ್ತ ತಾಲೂಕು ಮಳೆಗೆ ಬಡವಾದರೂ ಕುರಿಗೆ ಬಡವಲ್ಲ. ಮಾಡಗ್ಯಾಳದ ಕುರಿ ತನ್ನ ಎತ್ತರದ ಮೈಕಟ್ಟಿಗೂ ಬಾಗಿದ ಮೂಗಿಗೂ ಹೆಸರಾಗಿ, ಒಂದು ಹಳ್ಳಿಯ ಹೆಸರನ್ನು ದೂರದ ಸಂತೆಗಳಿಗೆ ಒಯ್ದಿದೆ. ನಾನೂ ಕುರಿ ಕಾಯ್ದವರ ಮನೆಯಲ್ಲಿ ಹುಟ್ಟಿದವನು. ಕುರಿಯ ಹಿಂಗಾಲನ್ನು ಮುಟ್ಟಿದರೆ ಚರ್ಮದ ಕೆಳಗೆ ಹಗ್ಗದಂತೆ ಬೆರಳಿಗೆ ಸಿಗುವ ಭಾಗವನ್ನು ನಮ್ಮ ಮನೆಯಲ್ಲಿ ‘ನರ’ ಎನ್ನುತ್ತಿದ್ದರು. ಏಳನೆಯ ಇಯತ್ತೆಯವರೆಗೆ ಕನ್ನಡದಲ್ಲಿ ಓದಿ, ಮುಂದೆ ಮರಾಠಿ ಶಾಲೆಗೆ ಹೋದಾಗ ಅದಕ್ಕೇ ‘ಕಂಡರಾ’ ಎಂಬ ಹೆಸರು ಕೇಳಿದೆ. ಅದು ಎರಡೂ ಭಾಷೆಗಳಿಗೆ ಹಿಂದಿನಿಂದ ಬಂದ ಮಾತೆಂದು ತಿಳಿದದ್ದು ಶಿಕ್ಷಕನಾದ ಮೇಲೆ. ಸುಶ್ರುತ ಸಂಹಿತೆಯು ಮನುಷ್ಯದೇಹದಲ್ಲಿ 16 ಕಂಡರಗಳನ್ನು ಎಣಿಸುತ್ತದೆ. ಈಗಿನ ಪುಸ್ತಕಗಳಲ್ಲಿ ನರವೆಂದರೆ ಮೆದುಳಿನ ಸುದ್ದಿ ಒಯ್ಯುವ ತಂತು. ಕಂಡರವೆಂದರೆ ಸ್ನಾಯುವನ್ನು ಎಲುಬಿಗೆ ಕಟ್ಟುವ ಹುರಿ.

ಹೋದ ವರ್ಷ ಎಂಟನೆಯ ಇಯತ್ತೆಯ ಒಬ್ಬ ಹುಡುಗ ಕೇಳಿದ: “ಸರ್, ನಮ್ಮ ಟಗರು ಎತ್ತರದ ಬದುವಿನಿಂದ ಜಿಗಿದರೂ ಕಾಲು ಮುರಿಯಂಗಿಲ್ಲ. ಮತ್ತ ಪುಟಿದು ಓಡತದ. ಅಷ್ಟು ಸಣ್ಣ ಕಾಲಾಗ ಏನೈತ್ರಿ?” ವಿಜ್ಞಾನ ನನ್ನ ವಿಷಯವಲ್ಲ. ಆದರೆ ಕೇಳಿದವನು ಕುರಿಗಾರರ ಹುಡುಗ. ಪ್ರಶ್ನೆಯೂ ನಮ್ಮ ಹಟ್ಟಿಯದೇ. ಹುಡುಕಿ ಓದಿದೆ. ತಿಳಿದದ್ದನ್ನು ಇಲ್ಲಿ ಹೇಳುತ್ತೇನೆ.

ಕುರಿಯ ಹಿಂಗಾಲಿನಲ್ಲಿ ಹಿಂದಕ್ಕೆ ಚಾಚಿಕೊಂಡ ಗಂಟನ್ನು ನಾವು ಮೊಣಕಾಲೆಂದು ತಿಳಿಯುತ್ತೇವೆ. ನಿಜವಾಗಿ ಅದು ಹಿಮ್ಮಡಿ. ಮೊಣಕಾಲು ಇನ್ನೂ ಮೇಲೆ, ಹೊಟ್ಟೆಯ ಬಳಿ ಇದೆ. ಕುರಿ ಬದುಕಿರುವಷ್ಟು ಕಾಲವೂ ಬೆರಳ ತುದಿಯ ಮೇಲೆಯೇ ನಡೆಯುತ್ತದೆ. ಕಾಲಿನ ಮಾಂಸವೆಲ್ಲ ಮೇಲ್ಭಾಗದಲ್ಲಿದ್ದು, ಕೆಳಗೆ ಎಲುಬು, ಚರ್ಮ, ಕಂಡರಗಳಷ್ಟೇ ಉಳಿದಿವೆ. ಕಾಲ ತುದಿ ಹಗುರಾದಷ್ಟೂ ಬೀಸಿ ಇಡುವುದು ಸುಲಭ.

ಕಂಡರದ ಮುಖ್ಯ ದ್ರವ್ಯ ಕೊಲಾಜೆನ್ ಎಂಬ ಪ್ರೋಟೀನು. ಅದರ ಎಳೆಗಳು ಕಂಬಳಿಯ ನೂಲಿನಂತೆ ಒತ್ತೊತ್ತಾಗಿ ಒಂದೇ ದಿಕ್ಕಿಗೆ ಹಾಯ್ದಿರುತ್ತವೆ. ಭಾರವಿಲ್ಲದಾಗ ಅವು ಅಲೆ ಅಲೆಯಾಗಿ ಸುಕ್ಕುಗಟ್ಟಿರುತ್ತವೆ. ಎಳೆದಾಗ ಮೊದಲು ಸುಕ್ಕು ಬಿಚ್ಚುತ್ತದೆ, ಆಮೇಲೆ ಎಳೆ ಬಿಗಿಯುತ್ತದೆ. ಸಸ್ತನಿಗಳ ಕಾಲಿನ ಕಂಡರ 1 ಚದರ ಮಿಲಿಮೀಟರಿಗೆ ಸುಮಾರು 10 ಕಿಲೋಗ್ರಾಂ ಭಾರ ತಡೆಯಬಲ್ಲದು. ಅಂದರೆ 10 ಚದರ ಮಿಲಿಮೀಟರಿನಷ್ಟು ದಪ್ಪದ ಹುರಿಗೆ ಒಂದು ಕ್ವಿಂಟಲ್ ಜೋಳದ ಚೀಲವನ್ನು ತೂಗುಹಾಕಬಹುದು! ಆದರೆ ಅದು ರಬ್ಬರಿನಂತೆ ಹಿಗ್ಗುವುದಿಲ್ಲ. 10 ಸೆಂಟಿಮೀಟರ್ ಉದ್ದದ ಹುರಿ 1 ಸೆಂಟಿಮೀಟರ್ ಹಿಗ್ಗುವಷ್ಟರಲ್ಲಿ ಹರಿದುಹೋಗುತ್ತದೆ.

ಇಂಗ್ಲೆಂಡಿನ ಲೀಡ್ಸ್ ವಿಶ್ವವಿದ್ಯಾಲಯದ ಆರ್. ಎಫ್. ಕೆರ್ ಎಂಬವರು ಕುರಿಯ ಹಿಂಗಾಲಿನ ಒಂದು ಕಂಡರವನ್ನು ಯಂತ್ರಕ್ಕೆ ಕಟ್ಟಿ, ಎಳೆದು ಬಿಟ್ಟು ಪರೀಕ್ಷಿಸಿ, 1981ರಲ್ಲಿ ಫಲಿತಾಂಶ ಪ್ರಕಟಿಸಿದರು. ಎಳೆಯಲು ವೆಚ್ಚವಾದ ಶಕ್ತಿಯ 100 ಪಾಲಿನಲ್ಲಿ 90ಕ್ಕೂ ಹೆಚ್ಚು ಪಾಲನ್ನು ಅದು ಬಿಟ್ಟೊಡನೆ ಹಿಂದಿರುಗಿಸಿತು. ಉಳಿದ ಅಲ್ಪಭಾಗವಷ್ಟೇ ಶಾಖವಾಗಿ ಕಳೆಯಿತು. ನಿಧಾನವಾಗಿ ಎಳೆದರೂ ಬೇಗ ಬೇಗ ಎಳೆದರೂ ಈ ಲೆಕ್ಕ ಹೆಚ್ಚೇನೂ ಬದಲಾಗಲಿಲ್ಲ. ಟಗರಿನ ಪುಟಿತದ ಗುಟ್ಟಿನಲ್ಲಿ ಇದೂ ಒಂದು. ನೆಲಕ್ಕೆ ಬಿದ್ದ ರಭಸದ ಒಂದು ಪಾಲನ್ನು ಸ್ನಾಯು ನುಂಗಿಕೊಳ್ಳುತ್ತದೆ. ಇನ್ನೊಂದು ಪಾಲನ್ನು ಕಂಡರ ಕೈಗಡವಾಗಿ ಪಡೆದು ಮುಂದಿನ ನೆಗೆತಕ್ಕೆ ಮರಳಿ ಕೊಡುತ್ತದೆ. ಇಷ್ಟು ಪ್ರಾಮಾಣಿಕ ಸಾಲಗಾರ ನಮ್ಮ ಊರುಗಳಲ್ಲಿ ಸಿಗುವುದು ಕಷ್ಟ.

ಹುಡುಗನ ಪ್ರಶ್ನೆಗೆ ಉತ್ತರ ಇಲ್ಲಿಗೆ ಮುಗಿಯಿತು. ಆದರೆ ಓದುತ್ತಾ ಹೋದಾಗ ಮನುಷ್ಯರ ಕಂಡರದ ಬಗ್ಗೆಯೂ ಒಂದು ಸಂಗತಿ ಸಿಕ್ಕಿತು. ಅದು ನನ್ನ ಮನಸ್ಸನ್ನು ಬಿಟ್ಟು ಹೋಗಿಲ್ಲ. 1950ರ ದಶಕದಿಂದ 1960ರ ದಶಕದ ಆರಂಭದವರೆಗೆ ನಡೆದ ಅಣುಬಾಂಬಿನ ಪರೀಕ್ಷೆಗಳಿಂದ ಗಾಳಿಯಲ್ಲಿ ಇಂಗಾಲ-14 ಹೆಚ್ಚಿತು. ಅನ್ನದ ಮೂಲಕ ಅದು ಎಲ್ಲರ ಮೈ ಸೇರಿತು. ಆ ಗುರುತನ್ನು ಹಿಡಿದು ಡೆನ್ಮಾರ್ಕಿನ ಸಂಶೋಧಕರು ನಮ್ಮ ಹಿಮ್ಮಡಿಯ ಕಂಡರದ ವಯಸ್ಸನ್ನು ಅಳೆದರು. 2013ರಲ್ಲಿ ಅವರು ತಿಳಿಸಿದ್ದು ಇಷ್ಟು: ಆ ಹುರಿಯ ತಿರುಳು ಬಾಳಿನ ಮೊದಲ 17 ವರ್ಷಗಳ ಸುಮಾರಿಗೆ ಕಟ್ಟಿ ಮುಗಿಯುತ್ತದೆ, ಆಮೇಲೆ ಅದು ಹೆಚ್ಚುಕಡಿಮೆ ಹೊಸದಾಗುವುದೇ ಇಲ್ಲ. ಎಪ್ಪತ್ತರ ಮುದುಕ ಹತ್ತುವ ದಿನ್ನೆಯನ್ನು ಅವನು ಹುಡುಗನಾಗಿದ್ದಾಗ ನೆಯ್ದ ಹುರಿಯೇ ಹತ್ತಿಸುತ್ತದೆ.

ಹದಿನೇಳರೊಳಗಿನ ವಯಸ್ಸು ಎಂದರೆ ನಮ್ಮ ಶಾಲೆಯ ವಯಸ್ಸು. ದೀಪಾವಳಿ ದಾಟಿದೊಡನೆ ಮೇವು ಹುಡುಕಿ ಹಿಂಡುಗಳು ಹೊರಡುತ್ತವೆ. ಹಿಂಡಿನ ಹಿಂದೆ ನಾಲ್ಕಾರು ಹುಡುಗರೂ ಹೊರಡುತ್ತಾರೆ. ಟಗರಿನ ಪ್ರಶ್ನೆ ಕೇಳಿದ ಹುಡುಗನೂ ಹಾಗೆಯೇ ಹೋದ. ಹೊಟ್ಟೆಯ ಕಷ್ಟ ಬಲ್ಲವನಾದ್ದರಿಂದ ಹಟ್ಟಿಯ ಹಿರಿಯರನ್ನು ನಾನು ದೂರಲಾರೆ. ಆದರೆ ಒಂದು ಮಾತು ಬೇಡಿಕೊಳ್ಳುತ್ತೇನೆ. ಹತ್ತನೆಯ ಇಯತ್ತೆ ಮುಗಿಯುವವರೆಗೆ ಹುಡುಗನನ್ನು ಅಜ್ಜಿಯ ಬಳಿ ಊರಲ್ಲೇ ಬಿಡಿ. ಅದಾಗದಿದ್ದರೆ ಬುತ್ತಿಯ ಜೊತೆಗೆ ಅವನ ಪುಸ್ತಕವನ್ನೂ ಕಟ್ಟಿ ಕಳಿಸಿ.

ಮುಂದೆ ಅವರು ಮರಾಠಿಯಲ್ಲಿ ವ್ಯವಹರಿಸಲಿ, ಇಂಗ್ಲಿಷಿನಲ್ಲಿ ಕಲಿಯಲಿ, ಪುಣೆ ಮುಂಬಯಿಗಳಲ್ಲಿ ದುಡಿಯಲಿ. ಈ ವಯಸ್ಸಿನಲ್ಲಿ ಓದಿದ್ದು, ಕೇಳಿದ್ದು, ಬಾಯಿಪಾಠ ಮಾಡಿದ್ದು ಒಳಗೆ ಹುರಿಗೊಂಡು ಕೂತರೆ, ಭಾರ ಬಿದ್ದ ದಿನ ಅದು ಅವರನ್ನು ಎತ್ತಿ ಹಿಡಿಯುತ್ತದೆ. ಇದಕ್ಕೆ ಯಂತ್ರದ ಸಾಕ್ಷಿ ನನ್ನಲ್ಲಿಲ್ಲ. ಇಷ್ಟು ವರ್ಷ ಹುಡುಗರನ್ನು ಕಂಡ ಅನುಭವವಿದೆ. ಆ ಹುಡುಗ ಹಿಂಡಿನೊಡನೆ ಊರಿಗೆ ಮರಳಿದಾಗ ಈ ಸಂಚಿಕೆಯ ಒಂದು ಪ್ರತಿ ಅವನಿಗಾಗಿ ಕಾದಿರುತ್ತದೆ.