ಕೃಷ್ಣೆಯ ದಂಡೆಯಿಂದ ಏವನ್ ನದಿಯ ದಂಡೆಗೆ

ಬಾಗಲಕೋಟೆ ಜಿಲ್ಲೆಯ ಹಿಪ್ಪರಗಿ ನಮ್ಮೂರು. ದೇವರ ಹಿಪ್ಪರಗಿ ಬೇರೆ, ಅದು ವಿಜಯಪುರ ಜಿಲ್ಲೆಯದು. ನಮಗೆ ಬರಬೇಕಾದ ಪತ್ರಗಳು ಅಲ್ಲಿಯವರೆಗೂ ಹೋಗಿ ಬಂದದ್ದುಂಟು. ಕೃಷ್ಣಾ ನದಿಗೆ ಕಟ್ಟಿದ ಬ್ಯಾರೇಜಿನಿಂದಾಗಿ ಹೊರಗಿನವರಿಗೂ ನಮ್ಮೂರ ಹೆಸರು ಪರಿಚಿತವಾಗಿದೆ. ನಮ್ಮಲ್ಲಿ ಹೊಳೆಯುಂಟು, ಕಬ್ಬುಂಟು. ರೈಲು ಹತ್ತಬೇಕೆಂದರೆ ಮಾತ್ರ ಕುಡಚಿಗೋ ಬಾಗಲಕೋಟೆಗೋ ಹೋಗಬೇಕು. 2010-11ರಲ್ಲಿ ಮಂಜೂರಾದ ಬಾಗಲಕೋಟೆ–ಕುಡಚಿ ಮಾರ್ಗದ ದಾರಿ ಕಾಯುತ್ತಲೇ ನನ್ನ ತಲೆ ನರೆಯಿತು. ಇಂಥ ಊರಿನ ದಂಪತಿಗಳಾದ ನಾವು 2023ರ ಜೂನ್ ತಿಂಗಳಲ್ಲಿ, ಮಗನ ಮನೆಗೆಂದು ಇಂಗ್ಲೆಂಡಿಗೆ ಹೋದವರು, ನಾವಿಬ್ಬರೇ ರೈಲಿನಲ್ಲಿ ಕುಳಿತು ಬಾತ್ ಎಂಬ ಪುರಾತನ ಪಟ್ಟಣವನ್ನು ನೋಡಿ ಬಂದೆವು.

ಮಗ ಆ ಹೆಸರು ಹೇಳಿದಾಗ ನನ್ನಾಕೆ, "ಬಾತ್ ಅಂದ್ರ ಉಣ್ಣೂದೇನೋ?" ಎಂದು ಕೇಳಿ ಮೊಮ್ಮಗಳನ್ನು ನಗಿಸಿದಳು. ಆಕೆ ಹಾಗೆ ವಿನೋದವಾಡಿ ಬಹಳ ದಿನಗಳಾಗಿದ್ದವು. 2019ರ ಆಗಸ್ಟ್ ತಿಂಗಳ ಮಹಾಪೂರದಲ್ಲಿ ಹೊಳೆದಂಡೆಯ ಅವಳ ತವರುಮನೆ ಕುಸಿಯಿತು. ಅತ್ತೆಯವರನ್ನು ಗಂಜಿ ಕೇಂದ್ರಕ್ಕೆ ಎತ್ತಿಕೊಂಡು ಹೋದೆವು; ಮರುವರ್ಷ ಅವರು ಲಿಂಗೈಕ್ಯರಾದರು. ಅಂದಿನಿಂದ ನನ್ನಾಕೆ ಹೊಳೆಯ ಕಡೆಗೆ ಮುಖ ಮಾಡಿರಲಿಲ್ಲ.

ಲಂಡನ್ನಿನಲ್ಲಿ ಥೇಮ್ಸ್ ನದಿಯ ದಂಡೆಯ ಮೇಲೆ 2015ರ ನವೆಂಬರ್ 14ರಂದು ಅನಾವರಣಗೊಂಡ ಅಣ್ಣ ಬಸವಣ್ಣನವರ ಪ್ರತಿಮೆಗೆ ಹಿಂದಿನ ದಿನವೇ ಶರಣು ಹೇಳಿ ಬಂದಿದ್ದೆವು. ಮರುದಿನ ಮುಂಜಾನೆ ಮಗ ನಮ್ಮನ್ನು ಪ್ಯಾಡಿಂಗ್ಟನ್ ನಿಲ್ದಾಣದಲ್ಲಿ ಬಂಡಿ ಹತ್ತಿಸಿ ಕೆಲಸಕ್ಕೆ ತೆರಳಿದನು. ಟಿಕೇಟು ಯಾರ ಬಳಿ ಇದೆಯೆಂಬ ಚರ್ಚೆಯಲ್ಲಿಯೇ ರೆಡಿಂಗ್ ಕಳೆಯಿತು. ಅದು ಆಕೆಯ ಚೀಲದಲ್ಲಿ, ರೊಟ್ಟಿ ಶೇಂಗಾ ಚಟ್ನಿಯ ಗಂಟಿನ ಕೆಳಗೆ ಇತ್ತು.

ಸುಮಾರು ಒಂದೂವರೆ ತಾಸಿನ ಪ್ರಯಾಣ. ಬ್ರೂನೆಲ್ ಎಂಬ ಮಹಾ ಅಭಿಯಂತರನು ನಿರ್ಮಿಸಿದ ಮಾರ್ಗವಿದು. ಬಾತ್ ಸಮೀಪಿಸುತ್ತಿದ್ದಂತೆ ಬಾಕ್ಸ್ ಎಂಬ ಸುರಂಗ ಬರುತ್ತದೆ. ಸುಮಾರು ಮೂರು ಕಿಲೋಮೀಟರ್ ಉದ್ದದ ಈ ಸುರಂಗವನ್ನು ಮದ್ದುಗುಂಡು, ಗುದ್ದಲಿ, ಮೇಣದ ಬತ್ತಿಗಳ ಬಲದಿಂದ ಕೊರೆದು 1841ರಲ್ಲಿ ಪೂರೈಸಿದರು. ನೂರರಷ್ಟು ಕೆಲಸಗಾರರು ಇದರಲ್ಲಿ ಜೀವ ತೆತ್ತರೆಂದು ಹೇಳುತ್ತಾರೆ. ಸುರಂಗ ದಾಟಿದ ಮೇಲೆ ಕೆಲವೇ ನಿಮಿಷಗಳಲ್ಲಿ ಜೇನಿನ ಬಣ್ಣದ ಕಲ್ಲಿನ ಊರು ಕಣ್ಣಿಗೆ ಬಿತ್ತು. ನಮ್ಮ ಪಟ್ಟದಕಲ್ಲಿನದು ಕೆಂಪು ಮರಳುಗಲ್ಲು, ಇವರದು ಹಳದಿ ಸುಣ್ಣಗಲ್ಲು. ಎರಡೂ ಊರುಗಳು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದು ಒಂದೇ ವರ್ಷ, 1987ರಲ್ಲಿ. ಈ ಸಂಗತಿಯನ್ನು ನಾನು ಆಕೆಗೆ ಎರಡು ಸಲ ಹೇಳಿದೆನಂತೆ.

ಊರಿನ ನಡುವೆ ಬಿಸಿನೀರಿನ ಬುಗ್ಗೆಯಿದೆ. ಎಂದೋ ಬೆಟ್ಟಗಳ ಮೇಲೆ ಬಿದ್ದ ಮಳೆನೀರು ಭೂಮಿಯ ಆಳಕ್ಕಿಳಿದು, ಕಾದು, ಮತ್ತೆ ಮೇಲೇರಿ ಬರುತ್ತದೆ. ದಿನವೊಂದಕ್ಕೆ 11 ಲಕ್ಷ ಲೀಟರಿಗೂ ಹೆಚ್ಚು ನೀರು. ಶಾಖ 46 ಡಿಗ್ರಿ. ಕ್ರಿಸ್ತಶಕ ಒಂದನೆಯ ಶತಮಾನದಲ್ಲಿ ರೋಮನ್ನರು ಇಲ್ಲಿ ದೇವಾಲಯವನ್ನೂ ಸ್ನಾನಗೃಹವನ್ನೂ ಕಟ್ಟಿದರು. ದೊಡ್ಡ ಕೊಳದ ತಳಕ್ಕೆ ಅವರು ಹಾಸಿದ ಸೀಸದ ತಗಡುಗಳು ಇಂದಿಗೂ ಇವೆ. ಹೆಚ್ಚಾದ ನೀರು ಅವರದೇ ಕಾಲುವೆಯಿಂದ ಇಂದಿಗೂ ಏವನ್ ನದಿಗೆ ಹರಿಯುತ್ತಿದೆ. ಮೇಲ್ಛಾವಣಿ ಇಲ್ಲದ್ದರಿಂದ ಬಿಸಿಲು ತಾಗಿ ಕೊಳದ ನೀರು ಹಸಿರಾಗಿದೆ. "ಇಷ್ಟು ಪಾಚಿಗಟ್ಟಿದ ನೀರಾಗ ಯಾರು ಜಳಕಾ ಮಾಡ್ತಾರ್ರೀ?" ಎಂಬ ಪ್ರಶ್ನೆ ಬಂದಿತು. ಈಗ ಅಲ್ಲಿ ಯಾರೂ ಸ್ನಾನ ಮಾಡುವುದಿಲ್ಲ.

ಅಲ್ಲಿನ ವಸ್ತುಸಂಗ್ರಹಾಲಯದಲ್ಲಿ ನಾವು ಬಹಳ ಹೊತ್ತು ನಿಂತದ್ದು ಶಾಪದ ತಗಡುಗಳ ಮುಂದೆ. ಕಳ್ಳತನಕ್ಕೆ ಗುರಿಯಾದವರು ಸೀಸದ ತಗಡಿನ ಮೇಲೆ ದೂರು ಗೀಚಿ ದೇವಿಯ ಬುಗ್ಗೆಗೆ ಎಸೆಯುತ್ತಿದ್ದರು. ಅಂಥವು ಸುಮಾರು 130 ದೊರೆತಿವೆ. ಡೋಸಿಮೆಡಿಸ್ ಎಂಬಾತ ಕಳೆದುಕೊಂಡದ್ದು ಎರಡು ಕೈಗವಸು ಮಾತ್ರ. ಅದಕ್ಕೆ ಕಳ್ಳನ ಬುದ್ಧಿಯೂ ಕಣ್ಣೂ ಹೋಗಲೆಂದು ಬೇಡಿಕೊಂಡಿದ್ದಾನೆ! ಬುಗ್ಗೆಯಲ್ಲಿ ರೋಮನ್ನರ ಕಾಲದ 12,000ಕ್ಕೂ ಮಿಕ್ಕಿ ನಾಣ್ಯಗಳು ಸಿಕ್ಕಿವೆ. ಅದನ್ನೋದಿ ಹೇಳಿದಾಗ ನನ್ನಾಕೆ ಸುಮ್ಮನಾದಳು. ಬಸ್ಸು ಕೃಷ್ಣೆಯ ಸೇತುವೆ ದಾಟುವಾಗಲೆಲ್ಲ ಅತ್ತೆಯವರು ಸೆರಗಿನ ಗಂಟಿನಿಂದ ನಾಣ್ಯವೊಂದನ್ನು ಬಿಚ್ಚಿ ಕಿಟಕಿಯಿಂದ ಹೊಳೆಗೆ ಹಾಕುತ್ತಿದ್ದರು.

ಮಧ್ಯಾಹ್ನ 30 ಮನೆಗಳು ಅರ್ಧಚಂದ್ರಾಕಾರದಲ್ಲಿ ನಿಂತ ರಾಯಲ್ ಕ್ರೆಸೆಂಟ್ ನೋಡಿದೆವು. ಶ್ರೀಮಂತರ ಓಣಿ, ಹುಲ್ಲಿನ ಮೇಲೆ ಕುಳಿತು ರೊಟ್ಟಿ ತಿನ್ನಲು ಅನುಕೂಲವಾಯಿತು. ಅಲ್ಲಿಂದ ಪುಲ್ಟನಿ ಸೇತುವೆಗೆ ಬಂದೆವು. ಹದಿನೆಂಟನೆಯ ಶತಮಾನದ ಈ ಸೇತುವೆಯ ಎರಡೂ ಬದಿಗೆ ಸಾಲು ಅಂಗಡಿಗಳು. ನಡೆದು ಆಚೆ ಬಂದರೂ ಸೇತುವೆ ದಾಟಿದ್ದು ನಮಗೆ ತಿಳಿಯಲಿಲ್ಲ. "ಹೊಳಿ ಎಲ್ಲೈತ್ರೀ?" ಎಂದು ಆಕೆಯೇ ಕೇಳಿದಳು.

ಮೆಟ್ಟಿಲಿಳಿದು ದಂಡೆಗೆ ಬಂದೆವು. ಅಡ್ಡಗಟ್ಟೆಯ ಮೇಲಿಂದ ನೀರು ಬೆಳ್ಳಗೆ ಜಾರುತ್ತಿತ್ತು; ಬದಿಗೊಂದು ತೂಬಿನ ಬಾಗಿಲು. ಈ ಊರನ್ನೂ ಹೊಳೆ ಬಿಟ್ಟಿಲ್ಲ. 1960ರ ದಶಕದ ಪ್ರವಾಹಗಳ ತರುವಾಯ ಕಟ್ಟೆಯನ್ನು ಹೊಸದಾಗಿ ಕಟ್ಟಿ ಬಾಗಿಲನ್ನಿರಿಸಿದರು. ಬ್ಯಾರೇಜಿನ ಊರಿನವರಿಗೆ ಬಾಗಿಲು ಕಂಡರೆ ಲೆಕ್ಕ ಹಾಕುವ ಚಟ. "ಒಂದ ಬಾಗಿಲಾ? ಇದಕ ಸಾಲ್ತೈತೇನು?" ಎಂದಳು. ಆಮೇಲೆ ನೀರನ್ನೇ ನೋಡುತ್ತ ನಿಂತಳು. ನಾನು ಕರೆಯಲಿಲ್ಲ. ರೈಲಿಗೆ ಇನ್ನೂ ವೇಳೆಯಿತ್ತು. ಕೊನೆಗೆ ಚೀಲದ ತಳದಿಂದ ನಮ್ಮ ದೇಶದ್ದೇ ಐದು ರೂಪಾಯಿಯ ನಾಣ್ಯವೊಂದನ್ನು ಹುಡುಕಿ ತೆಗೆದು, ಹಣೆಗೆ ಮುಟ್ಟಿಸಿ, ನೀರಿಗೆ ಬಿಟ್ಟಳು.

ಮರಳಿ ಬರುವ ಬಂಡಿಯಲ್ಲಿ ಎದುರುಬದುರು ಕುಳಿತೆವು. "ಊರಿಗೆ ಹೋದಮ್ಯಾಲ ಒಮ್ಮೆ ಹೊಳಿ ಕಡೆ ಹೋಗಿ ಬರೂಣ್ರೀ" ಎಂದಳು. ಆಗಲೆನ್ನುವಷ್ಟರಲ್ಲಿ ಬಾಕ್ಸ್ ಸುರಂಗ ಬಂದು, ಕಿಟಕಿಯ ಗಾಜಿನಲ್ಲಿ ನಮ್ಮಿಬ್ಬರ ಮುಖಗಳೇ ಕಾಣತೊಡಗಿದವು.