ಉದಗೀರಿನ ಗೋದಾಮು

ಉದಗೀರಿನ ಹಳೆ ಪೇಟೆಯಲ್ಲಿ ನಮ್ಮ ತಂದೆಯವರ ಕಾಲದ ಒಂದು ಗೋದಾಮು ಇದೆ. ಕಲ್ಲಿನ ಗೋಡೆ, ನಡುವೆ ಅಂಗಳ. ತೊಗರಿ ವ್ಯಾಪಾರ ನಿಂತ ಮೇಲೆ ಬೀಗ ಬಿದ್ದಿದೆ. ಅದನ್ನು ಕೆಡವಿ ಹತ್ತು ಮಳಿಗೆ ಕಟ್ಟಬೇಕೆಂಬುದು ನಮ್ಮ ಮಗನ ಆಸೆ. ನೋಡಿ ಬರೋಣವೆಂದು ಮನೆಯವರನ್ನೂ ಮೊಮ್ಮಗನನ್ನೂ ಕರೆದುಕೊಂಡು ಹೊರಟೆವು.

ಉಮರ್ಗಾದಲ್ಲಿ ಚಹಾಕ್ಕೆ ಇಳಿದೆವು. ಪುಣೆ-ಹೈದರಾಬಾದ್ ಹೆದ್ದಾರಿಯ ಊರು. ಅಂಗಡಿಯವನು ಮರಾಠಿಯಲ್ಲಿ ಲೆಕ್ಕ ಹೇಳಿ ಕನ್ನಡದಲ್ಲಿ ಚಿಲ್ಲರೆ ಕೊಟ್ಟ! ನಿಲಂಗಾದ ನೀಲಕಂಠೇಶ್ವರ ಗುಡಿಯ ಹೊರಗೋಡೆಯ ಶಿಲ್ಪಗಳ ಮುಂದೆ ಮೊಮ್ಮಗ ಕಾಗದ, ಪೆನ್ಸಿಲ್ ಹಿಡಿದು ಕುಳಿತುಬಿಟ್ಟ. ಎಂದೋ ಕಲ್ಲು ಕಟೆದವರ ಕೆಲಸದಿಂದ ಇಂದಿಗೂ ಹೂವು-ಕಾಯಿ ಮಾರುವವರ ಹೊಟ್ಟೆ ತುಂಬುತ್ತಿದೆ. ಹತ್ತು ಮಳಿಗೆಗಳ ಆಯುಸ್ಸು ಎಷ್ಟು ಎಂಬ ಯೋಚನೆ ಅಲ್ಲಿಯೇ ಹುಟ್ಟಿತು.

ಉದಗೀರಿನಲ್ಲಿ ಗೋದಾಮಿನ ಕಸ ತೆಗೆಸುವಾಗ ತಾಯಿಯವರ ಅಡಿಕೆ ಡಬ್ಬಿ ಸಿಕ್ಕಿತು. ಒರೆಸಿದೊಡನೆ ಕಪ್ಪಿನೊಳಗಿಂದ ಬೆಳ್ಳಿಯ ಬಳ್ಳಿ ಎದ್ದಿತು. ಬೀದರಿನ ಕೆಲಸ. 1956ರವರೆಗೆ ಉದಗೀರ, ನಿಲಂಗಾ ಎರಡೂ ಬೀದರ ಜಿಲ್ಲೆಯವೇ ಅಲ್ಲವೇ? ಮೊಮ್ಮಗ ಹಟ ಹಿಡಿದ. ಮರುದಿನ ಬೀದರಿಗೆ ಹೋದೆವು.

ಸತುವಿಗೆ ಸ್ವಲ್ಪ ತಾಮ್ರ ಸೇರಿಸಿ ಎರಕ ಹೊಯ್ಯುತ್ತಾರೆ. ಉಳಿಯಿಂದ ಗೆರೆ ಕೊರೆದು ಬೆಳ್ಳಿ ತಂತಿ ಬಡಿದು ಕೂಡಿಸುತ್ತಾರೆ. ಕೊನೆಗೆ ಕೋಟೆಯ ಮಣ್ಣು, ನವಸಾಗರ ಕಲಸಿ ಬಿಸಿ ಮಾಡಿ ತಿಕ್ಕಿದರೆ ಸತು ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಈ ಕಲೆಯ ಶಾಹ್ ರಶೀದ್ ಅಹ್ಮದ್ ಖಾದ್ರಿಯವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಆದರೆ ನಾವು ಕಂಡ ಕುಶಲಕರ್ಮಿಯ ಚಿಂತೆ ಬೇರೆ. ಬೆಳ್ಳಿಯನ್ನು ರೊಕ್ಕ ಎಣಿಸಿ ತರಬೇಕು. ಮಾಲಿನ ಹಣ ಯಾವಾಗಲೋ ಬರುತ್ತದೆ.

ನಮಗೆ ಮುಖ ಎತ್ತಲಾಗಲಿಲ್ಲ. 1986ರಲ್ಲಿ ತಂಗಿಯ ಮದುವೆಗೆ ಇಂಥವೇ ಇಪ್ಪತ್ತು ಡಬ್ಬಿ ಒಯ್ದು, ದರ ಇಳಿಸಿ, ಆರು ತಿಂಗಳು ಸತಾಯಿಸಿ ಹಣ ಕೊಟ್ಟಿದ್ದೆವು. ಅದನ್ನು ಜಾಣತನವೆಂದೇ ತಿಳಿದಿದ್ದೆವು. ನಮ್ಮಂಥ ಗಿರಾಕಿಗಳಿಂದಲೇ ಎಷ್ಟು ಮಂದಿ ಉಳಿ ಕೆಳಗಿಟ್ಟರೋ!

ಜೈಪುರವನ್ನು 2015ರಲ್ಲಿ ಯುನೆಸ್ಕೋ ಕರಕುಶಲದ ನಗರವೆಂದು ಗುರುತಿಸಿತು. ಅಲ್ಲಿ ಕೆಲಸಗಾರರ ಹಿಂದೆ ಬಂಡವಾಳ ಹೂಡುವ ವ್ಯಾಪಾರಿಗಳೂ ಇದ್ದಾರೆ. ಉದಗೀರಿನ ಹೊಸ ಸಂಕೀರ್ಣಗಳಲ್ಲಿಯೋ ನಾವು ಎಣಿಸಿದ್ದು ಎಳೆದ ಶಟರುಗಳನ್ನೇ.

ಹಿಂದಿನ ಅಂಗಳ ಉಳಿಸಿ, ಬೀದರಿನವರ ಮಾಲು ಇಟ್ಟು ಮಾರಲು ಕೊಟ್ಟರೆ ಹೇಗೆ ಎಂದೆವು. ಮನೆಯವರು ಕೂಡಲೇ ಕಿಲ್ಲಾರಿ ನೆನಪಿಸಿದರು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಉಮರ್ಗಾ ಸೀಮೆಯಲ್ಲಿಯೂ ಮಣ್ಣಿನ ಗಾರೆಯ ಕಲ್ಲುಗೋಡೆಗಳೇ ಮಲಗಿದವರ ಮೇಲೆ ಬಿದ್ದವು. ಮಾತು ನಿಜ. ಇಂಜಿನಿಯರ್ ಬಂದು ಗೋಡೆ ನೋಡಲಿ, ಬಿಗಿ ಮಾಡಲು ಎಷ್ಟಾಗುತ್ತದೆ ಹೇಳಲಿ. ಬಾಡಿಗೆ ಲೆಕ್ಕದಲ್ಲಿ ಮಗನೇ ಗೆಲ್ಲುತ್ತಾನೆಂದು ನಮಗೆ ಗೊತ್ತು.

ಗುತ್ತಿಗೆದಾರನಿಗೆ ಇನ್ನೂ ಉತ್ತರ ಹೇಳಿಲ್ಲ. ಮೊಮ್ಮಗಳ ಮದುವೆಗೆ ಹನ್ನೆರಡು ಡಬ್ಬಿ ಹೇಳಿ, ಬೆಳ್ಳಿಯ ಪೂರ್ತಿ ಹಣ ಮುಂಗಡ ಕೊಟ್ಟು ಬಂದಿದ್ದೇವೆ.